ಕರಕುಶಲ ಕೆಲಸಗಳ ಬಗ್ಗೆ ಒಳ್ಳೆಯ ಸಾಕ್ಷ್ಯಚಿತ್ರವನ್ನು ಗುರುತಿಸುವುದು ಹೇಗೆ?

ನುರಿತ ಕುಶಲಕರ್ಮಿಗಳ ಬಗ್ಗೆ ಸಾಕ್ಷ್ಯಚಿತ್ರ ನೋಡುವ ಆಸೆಯಿದೆ, ಆದರೆ ನೋಡಿದ್ದೆಲ್ಲ ಒಂದೇ ತರಹ ಕಾಣುತ್ತದೆ, ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಕೊಪ್ಪಳದಲ್ಲಿ ಮದುವೆ, ಜಾತ್ರೆಗಳ ವಿಡಿಯೊ ಮಾಡುವುದು ನನ್ನ ವೃತ್ತಿ. ನಿಮಗೆ ಹಾಗೆ ಕಾಣುವುದಕ್ಕೆ ನನ್ನಂತಹ ಕ್ಯಾಮೆರಾದವರೇ ಕಾರಣ. ನಾವು ಕೆಲಸದ ಕೊನೆಗೆ ಹೋಗಿ ನಿಲ್ಲುತ್ತೇವೆ.

ನಮ್ಮೂರಿನಿಂದ ಅರ್ಧ ಗಂಟೆಯ ಬಸ್ ದಾರಿಯಲ್ಲಿ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರರ ಮರದ ಗೊಂಬೆಗಳಿಗೆ 2012ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಆ ಊರಿನದೇ ವಸ್ತು ಎಂಬ ಜಿಐ ಮಾನ್ಯತೆ, ಸಿಕ್ಕಿತು. ಹಂಪಿಯ ವಿರೂಪಾಕ್ಷ ಗುಡಿಯ ಮಾಳಿಗೆಯ ಚಿತ್ರಗಳು ಇವರ ಹಿರಿಯರ ಕೈಯವು ಎಂದು ಊರಿನವರು ಹೇಳುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಪ್ರದರ್ಶನಕ್ಕಾಗಿ ಅಲ್ಲಿ ಎರಡು ದಿನ ಚಿತ್ರೀಕರಣ ಮಾಡಿ, ನಾಲ್ಕು ನಿಮಿಷದ ವಿಡಿಯೊ ಸಿದ್ಧಪಡಿಸಿದೆ. ಕುಂಚದ ತುದಿ, ಕಾಮಧೇನುವಿನ ಕಣ್ಣು, ಹಿನ್ನೆಲೆಯಲ್ಲಿ ಕೊಳಲು. ಜನ ಮೆಚ್ಚಿದರು. ನಾನು ಚಿತ್ರೀಕರಿಸಿದ ಚಿತ್ರಗಾರರ ಮನೆಯ ಹಿರಿಯರು ಅದನ್ನು ಮೊಬೈಲಿನಲ್ಲಿ ನೋಡಿ ಕೇಳಿದ್ದು ಒಂದೇ ಮಾತು: “ತಮ್ಮಾ, ಕಿಟ್ಟ ಹಚ್ಚುವುದು ಎಲ್ಲಿದೆ?”

“ಅಜ್ಜಾ, ಅದು ನೋಡಲು ಅಷ್ಟು ಚೆನ್ನಾಗಿ ಕಾಣುವುದಿಲ್ಲ” ಎಂದೆ.

“ಅದಿಲ್ಲದಿದ್ದರೆ ನಿನ್ನ ಬಣ್ಣ ಎಲ್ಲಿ ನಿಲ್ಲುತ್ತದೆ?” ಎಂದರು.

ಅವರ ಮಾತು ಅಕ್ಷರಶಃ ನಿಜ. ಹಗುರವಾದ ಮರದಲ್ಲಿ ಕೈ, ಕಾಲು, ಮುಖಗಳನ್ನು ಬೇರೆ ಬೇರೆ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಹುಣಸೆಬೀಜದ ಅಂಟು ಸೇರಿಸಿ ನಾದಿದರೆ ಕಿಟ್ಟ. ಅದನ್ನು ಗೊಂಬೆಯ ಮೈಗೆಲ್ಲ ಕೈಯಿಂದಲೇ ಮೆತ್ತಬೇಕು. ಅದರ ಮೇಲೆ ಹತ್ತಿಬಟ್ಟೆಯ ತುಂಡುಗಳು. ಅದರ ಮೇಲೆ ಬೆಣಚುಕಲ್ಲಿನ ನುಣುಪು ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪ. ಒಡವೆಗಳ ಉಬ್ಬು ಮೂಡುವುದೂ ಈ ಲೇಪದಿಂದಲೇ. ಬಣ್ಣದ ಸರದಿ ಆಮೇಲೆ ಬರುತ್ತದೆ. ನಡುವೆ ಒಣಗಲು ಬಿಡುವ ಹೊತ್ತು ಬೇರೆ. ಆ ಮನೆಯಲ್ಲಿ ಕಲ್ಲು ಅರೆಯುತ್ತಿದ್ದವರು, ಕಿಟ್ಟ ನಾದುತ್ತಿದ್ದವರು ಹೆಣ್ಣುಮಕ್ಕಳು. ನನ್ನ ನಾಲ್ಕು ನಿಮಿಷದಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ. ಅದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಹಾಗಾಗಿ ನಾನು ಈಗ ಯಾವ ಸಾಕ್ಷ್ಯಚಿತ್ರ ನೋಡಿದರೂ ಮೊದಲು ಹುಡುಕುವುದು ಆ ‘ಕಿಟ್ಟ’ವನ್ನು. ಕಣ್ಣಿಗೆ ಸೊಗಸಾಗಿ ಕಾಣದ, ಆದರೆ ಬಿಟ್ಟರೆ ಕೆಲಸವೇ ಕೂಡಿಬರದ ಹಂತ ಅದರಲ್ಲಿದೆಯೇ? ಕಚ್ಚಾ ಸಾಮಗ್ರಿ ಎಲ್ಲಿಂದ ಬರುತ್ತದೆ, ಯಾರು ಹೊತ್ತು ತರುತ್ತಾರೆ, ಒಂದು ತುಂಡು ಸೀಳಿಹೋದರೆ ಏನು ಮಾಡುತ್ತಾರೆ? ಇವಿಷ್ಟು ಸಿಕ್ಕರೆ ಚಿತ್ರ ಮಾಡಿದವರು ಅಲ್ಲಿ ಕುಳಿತು ನೋಡಿದ್ದಾರೆ ಎಂದು ನಂಬಬಹುದು. ಕೆಲಸದ ಸದ್ದನ್ನು ಉಳಿಸಿದ್ದಾರೆಯೇ ಎಂಬುದನ್ನೂ ಗಮನಿಸಿ. ಉಳಿ ಮರಕ್ಕೆ ಹದವಾಗಿ ಬೀಳುತ್ತಿದೆಯೋ ಇಲ್ಲವೋ ಎಂಬುದು ಕೆಲಸಗಾರರಿಗೆ ಕಿವಿಯಿಂದಲೇ ಗೊತ್ತಾಗುತ್ತದೆ. ಅದರ ಮೇಲೆ ಕೊಳಲು ಸುರಿದರೆ ನೋಡುಗನಿಗೆ ಅರ್ಧ ವಿದ್ಯೆಯನ್ನು ಮುಚ್ಚಿಟ್ಟಂತೆ. ನಾನು ಮಾಡಿದ್ದು ಅದನ್ನೇ.

ಹುಡುಕಲು ಕೆಲವು ಜಾಗಗಳನ್ನು ಹೇಳುತ್ತೇನೆ. ಜರ್ಮನಿಯ ಗಟಿಂಗೆನ್‌ನಲ್ಲಿ 1952ರಲ್ಲಿ ಆರಂಭವಾದ ಎನ್‌ಸೈಕ್ಲೋಪೀಡಿಯಾ ಸಿನೆಮಾಟೋಗ್ರಾಫಿಕಾ ಎಂಬ ಸಂಗ್ರಹವಿದೆ. ಒಂದು ಚಿತ್ರಕ್ಕೆ ಒಂದೇ ಕೆಲಸ: ಮಡಕೆ ಮಾಡುವುದು, ಬುಟ್ಟಿ ಹೆಣೆಯುವುದು, ಹೀಗೆ. ಹಲವು ಚಿತ್ರಗಳಲ್ಲಿ ಮಾತೇ ಇಲ್ಲ. ಮೊದಲು ಬೇಸರವಾಗಬಹುದು, ಹತ್ತು ನಿಮಿಷ ತಾಳಿಕೊಳ್ಳಿ. ಕೈಗಳು ತಾವೇ ಹೇಳತೊಡಗುತ್ತವೆ. ಸ್ಪೇನಿನ ಎಯುಹೆನಿಯೊ ಮೊನೆಸ್ಮಾ ಪಿರನೀಸ್ ಬೆಟ್ಟಗಳ ಸುತ್ತಲಿನ ಮುದುಕರಿಂದ ಕೈಬಿಟ್ಟುಹೋದ ಕಸುಬುಗಳನ್ನು ಮತ್ತೆ ಮಾಡಿಸಿ ಚಿತ್ರೀಕರಿಸಿದವರು. ಅವರ ಬಹಳಷ್ಟು ಚಿತ್ರಗಳು ಯೂಟ್ಯೂಬಿನಲ್ಲಿವೆ. ನನಗೆ ಗುರುವೆಂದರೆ ಅವರೇ. ಯುನೆಸ್ಕೋದ ಅಮೂರ್ತ ಪರಂಪರೆಯ (ಕಸುಬು, ಹಾಡು, ಹಬ್ಬಗಳಂಥವುಗಳ) ಪಟ್ಟಿಗೆ ಅರ್ಜಿ ಹಾಕುವಾಗ ಒಂದು ಕಿರುಚಿತ್ರ ಕೊಡಬೇಕು. ಪಂಜಾಬಿನ ಜಂಡಿಯಾಲಾ ಗುರು ಎಂಬ ಊರಿನಲ್ಲಿ ತಾಮ್ರ, ಹಿತ್ತಾಳೆ ಪಾತ್ರೆ ಬಡಿಯುವ ಠಠೇರರ ಕಸುಬು 2014ರಲ್ಲಿ ಆ ಪಟ್ಟಿಗೆ ಸೇರಿತು. ಅಂಥ ಚಿತ್ರಗಳನ್ನು ನೋಡುವಾಗ ಅವು ಅರ್ಜಿಗಾಗಿ ಮಾಡಿದವು ಎಂಬುದು ನೆನಪಿರಲಿ. ಕನ್ನಡದಲ್ಲೂ ಓದಬೇಕೆಂದರೆ ಪತ್ರಕರ್ತ ಪಿ. ಸಾಯಿನಾಥ್ ಅವರು ಕಟ್ಟಿದ, ಗ್ರಾಮೀಣ ಭಾರತದ ಬದುಕನ್ನು ದಾಖಲಿಸುವ ‘ಪರಿ’ ಜಾಲತಾಣ ನೋಡಿ. ಕಸುಬಿನ ಜೊತೆಗೆ ಕೂಲಿ ಎಷ್ಟು ಎಂದೂ ಅಲ್ಲಿ ಕೇಳುತ್ತಾರೆ. ಇತರರು ಆ ಪ್ರಶ್ನೆ ಕೇಳುವುದು ಅಪರೂಪ.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಯ ಬಗ್ಗೆಯೂ ಇಷ್ಟೇ ಶ್ರದ್ಧೆಯ ಚಿತ್ರ ಬರಬೇಕು ಎಂಬುದು ನನ್ನ ಆಸೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಅಲ್ಲಿನ ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳ 1,755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನಿಸ್ ದಾಖಲೆ ಮಾಡಿದರು. ಆ ಸಂಖ್ಯೆ ಸುದ್ದಿಯಾಯಿತು. ಆದರೆ ಒಂದು ಕನ್ನಡಿಯ ಚೂರನ್ನು ಬಟ್ಟೆಯ ಮೇಲೆ ದಾರ ಹೇಗೆ ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಆ ಸುದ್ದಿಗಳಲ್ಲಿ ನಾನು ಕಾಣಲಿಲ್ಲ.

ನಾನು ಕಿನ್ನಾಳಕ್ಕೆ ಮತ್ತೆ ಹೋಗುತ್ತಿದ್ದೇನೆ, ಈ ಸಲ ಯಾರ ಪ್ರದರ್ಶನಕ್ಕಾಗಿಯೂ ಅಲ್ಲ. ಈಚೆಗೆ ಹೋದಾಗ ಆ ಅಜ್ಜನ ಮನೆಯ ಸೊಸೆ ಕಲ್ಲು ಅರೆಯುವುದನ್ನು ನಲವತ್ತು ನಿಮಿಷ ಎಲ್ಲೂ ಕತ್ತರಿಸದೆ ಚಿತ್ರೀಕರಿಸಿಕೊಂಡೆ. ಅರೆದದ್ದು ಸಾಕೋ ಬೇಕೋ ಎಂದು ಆಕೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ ನೋಡುತ್ತಾರೆ. ಹನ್ನೊಂದು ಸಲ ನೋಡಿದರು, ಹನ್ನೆರಡನೆಯ ಸಲ ತಲೆಯಾಡಿಸಿ ಎದ್ದರು.