ಹೋಲ್ಡನ್ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಗಾರ್ಡ್ ಜೆ. ಆರ್. ಹೋಲ್ಡನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಆಮೇಲೆ ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ, ಅದೂ ನಮ್ಮಲ್ಲಿ ಹೆಚ್ಚಿನವರು ಹೆಸರೇ ಕೇಳದ ಆಟಗಾರನ ಬಗ್ಗೆ ಇಷ್ಟು ಓದಿಕೊಂಡು ಕನ್ನಡದಲ್ಲಿ ಬರೆಯುವವರು ಕಡಿಮೆ. ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

‘ಎನ್‌ಬಿಎ ಕನಸು ಕೈತಪ್ಪಿದ ದುರದೃಷ್ಟವಂತನ ಕಥೆ ಇದು’ ಎಂದು ಶುರುಮಾಡಿದ್ದೀರಿ. ಮುಂದಿನ ಒಂದೂವರೆ ಪುಟ ಪೂರ್ತಿ ಅದೇ ಗೋಳು. ಪಿಟ್ಸ್‌ಬರ್ಗ್‌ನ ಹುಡುಗ, ಬಕ್ನೆಲ್ ವಿಶ್ವವಿದ್ಯಾಲಯದಲ್ಲಿ ಆಡಿದ, ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1998ರಲ್ಲಿ, ಯಾವ ತಂಡವೂ ಆರಿಸಲಿಲ್ಲ. ಇದೆಲ್ಲ ನಿಜ. ಆ ವರ್ಷ ಜುಲೈನಿಂದ ಮರುವರ್ಷದ ಜನವರಿವರೆಗೆ ಎನ್‌ಬಿಎ ಮಾಲೀಕರು ಲೀಗಿಗೇ ಬೀಗ ಹಾಕಿದ್ದರು, 82 ಪಂದ್ಯಗಳ ಸೀಸನ್ 50ಕ್ಕೆ ಇಳಿಯಿತು ಅನ್ನುವುದನ್ನು ಮಾತ್ರ ಬಿಟ್ಟಿದ್ದೀರಿ. ಡ್ರಾಫ್ಟ್ ಆಗದ ಹುಡುಗರಿಗೆ ಬಾಗಿಲು ತಟ್ಟುವುದಕ್ಕೂ ಅವಕಾಶವಿರದ ವರ್ಷ ಅದು. ಒಂದು ಸಾಲಿನಲ್ಲಿ ಇಷ್ಟು ಹೇಳಿ ಮುಂದೆ ಹೋಗಿ. ಯಾಕಂದರೆ ಆತ ರಿಗಾ, ಬೆಲ್ಜಿಯಂನ ಊಸ್ಟೆಂಡ್, ಅಥೆನ್ಸ್, ಮಾಸ್ಕೋ ಹೀಗೆ 2011ರವರೆಗೆ ಹದಿಮೂರು ಸೀಸನ್ ಆಡಿದ್ದಾನೆ. ಕೊನೆಯ ಒಂಬತ್ತು ಸೀಸನ್ ಒಂದೇ ಕ್ಲಬ್ಬಿಗೆ, ಮಾಸ್ಕೋದ ಸಿಎಸ್‌ಕೆಎಗೆ. ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಯೂರೋಲೀಗನ್ನು ಎರಡು ಸಲ ಗೆದ್ದಿದ್ದಾನೆ. ಅಷ್ಟು ಕೆಲಸ ಮಾಡಿದವನ ಬಗ್ಗೆ ಬರೆಯುವಾಗ, ಅವನಿಗೆ ಸಿಗದಿದ್ದದ್ದನ್ನೇ ಇಟ್ಟುಕೊಂಡು ಸುಮ್ನೆ ಯಾಕೆ ಅಳಬೇಕು?

ನನಗೆ ನಿಜವಾಗಿ ಬೇಕಾಗಿದ್ದು ಆ ಕೆಲಸದ ಕಥೆ. ಅದೇ ನಿಮ್ಮ ಲೇಖನದಲ್ಲಿ ಕಾಣೆಯಾಗಿದೆ. ಗಾರ್ಡ್ ಏನು ಮಾಡುತ್ತಾನೆ ಅಂತ ಎಲ್ಲೂ ಇಲ್ಲ. ಚೆಂಡನ್ನು ಎಂಟು ಸೆಕೆಂಡಿನೊಳಗೆ ಅರ್ಧ ಅಂಗಣ ದಾಟಿಸಬೇಕು, ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ತಂಡ ಬುಟ್ಟಿಗೆ ಎಸೆಯಬೇಕು, ಆ ಗಡಿಯಾರ ಓಡುವುದು ಗಾರ್ಡ್‌ನ ತಲೆಯಲ್ಲಿ. ಹೋಲ್ಡನ್ ಯುರೋಪಿಗೆ ಬಂದಾಗ ಈ ಲೆಕ್ಕ ಹತ್ತು ಮತ್ತು ಮೂವತ್ತು ಸೆಕೆಂಡು ಇತ್ತು. 2000ರಲ್ಲಿ ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಬದಲಾಯಿಸಿತು. ಅಂದರೆ ವೃತ್ತಿಯ ಆರಂಭದಲ್ಲೇ ಆಟದ ವೇಗ ಏರಿತು. ಇನ್ನೊಂದು ವಿಷಯ. ಆಗ ಯುರೋಪಿನಲ್ಲಿ ಮೂರು ಪಾಯಿಂಟಿನ ಗೆರೆ ಬುಟ್ಟಿಯಿಂದ 6.25 ಮೀಟರ್ ದೂರ, ಎನ್‌ಬಿಎಯಲ್ಲಿ 7.24. ಗೆರೆ ಹತ್ತಿರ ಬಂದಷ್ಟೂ ಒಳಗೆ ಜಾಗ ಕಡಿಮೆ. ಜೊತೆಗೆ ರಕ್ಷಣೆಗೆ ನಿಂತ ಎತ್ತರದ ಆಳುಗಳು ಬುಟ್ಟಿಯ ಕೆಳಗೇ ಬೀಡುಬಿಡಲು ಅಲ್ಲಿನ ನಿಯಮದಲ್ಲಿ ಅಡ್ಡಿಯಿಲ್ಲ. ಆರಡಿ ಆಸುಪಾಸಿನ ಹುಡುಗ ಅಲ್ಲಿಗೆ ನುಗ್ಗಿ ಬದುಕುವುದು ಕಷ್ಟ. ನಡುವಿನ ದೂರದಲ್ಲಿ ತಟ್ಟನೆ ನಿಂತು, ಜಿಗಿದು ಎಸೆಯುವ ಹೊಡೆತ ಅವನ ಕೈಯಲ್ಲಿರಲೇಬೇಕು. ಇದನ್ನು ಮೊದಲೇ ಹೇಳಿಟ್ಟರೆ 2007ರ ಮ್ಯಾಡ್ರಿಡ್ ಫೈನಲ್‌ನಲ್ಲಿ ಅವನು ಹೊಡೆದ ಆ ಗೆಲುವಿನ ಹೊಡೆತ ಓದುಗರಿಗೆ ಅರ್ಥವಾಗುತ್ತದೆ.

ವಿದೇಶದಲ್ಲಿ ಆಡುವ ಅಮೆರಿಕನ್ನರ ಬದುಕೂ ಸ್ವಲ್ಪ ಬರಲಿ. ಹೆಚ್ಚಿನವರಿಗೆ ಒಂದೊಂದೇ ವರ್ಷದ ಒಪ್ಪಂದ. ತೆರಿಗೆಯನ್ನು ಕ್ಲಬ್ಬೇ ಕಟ್ಟಿ ಉಳಿದದ್ದನ್ನು ಕೈಗೆ ಕೊಡುವ ಸಂಬಳ, ಜೊತೆಗೆ ಮನೆ, ಕಾರು. ತಂಡ ಸೋಲತೊಡಗಿದರೆ ಮೊದಲು ಕೆಲಸ ಹೋಗುವುದು ಹೊರಗಿನವನಿಗೆ. ಸಂಬಳ ಬಾಕಿಯ ಜಗಳ ಎಷ್ಟು ಜಾಸ್ತಿಯಾಯಿತೆಂದರೆ, 2007ರಲ್ಲಿ ಫಿಬಾ ಅದಕ್ಕಾಗಿಯೇ ಒಂದು ಮಧ್ಯಸ್ಥಿಕೆ ಮಂಡಳಿ ಶುರುಮಾಡಿತು. ಇಂಥ ವೃತ್ತಿಯಲ್ಲಿ ಒಂದೇ ಕ್ಲಬ್ಬಿನಲ್ಲಿ ಒಂಬತ್ತು ಸೀಸನ್ ಉಳಿಯುವುದು ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ.

ಇನ್ನು ಪಾಸ್‌ಪೋರ್ಟ್ ವಿಷಯ. ಇಲ್ಲಿ ನೀವು ಜಾರಿಕೊಂಡಿದ್ದೀರಿ, ಅದು ನನಗೆ ಇಷ್ಟವಾಗಲಿಲ್ಲ. ‘2003ರಲ್ಲಿ ರಷ್ಯಾ ಪೌರತ್ವ ನೀಡಿ ಗೌರವಿಸಿತು’ ಎಂದು ಬರೆದು ಮುಂದೆ ಹೋಗಿದ್ದೀರಿ. ಸನ್ಮಾನ ಮಾಡಿ ಶಾಲು ಹೊದಿಸಿದ ಹಾಗೆ ಅದು ನಡೆಯಲಿಲ್ಲ. ರಷ್ಯಾದ ಲೀಗಿನಲ್ಲಿ ಹೊರಗಿನ ಆಟಗಾರರಿಗೆ ಮಿತಿ ಇತ್ತು. ಐಪಿಎಲ್‌ನಲ್ಲಿ ಹನ್ನೊಂದರಲ್ಲಿ ನಾಲ್ವರೇ ವಿದೇಶಿಯರು ಇರುತ್ತಾರಲ್ಲ, ಆ ರೀತಿ. ಪುಟಿನ್ ಸಹಿ ಬಿದ್ದ ಮೇಲೆ ಹೋಲ್ಡನ್ ಆ ಲೆಕ್ಕದಿಂದ ಹೊರಗೆ ಬಂದ, ಇನ್ನೊಬ್ಬ ವಿದೇಶಿಗೆ ಜಾಗ ಆಯಿತು. ರಾಷ್ಟ್ರೀಯ ತಂಡದಲ್ಲೂ ಹೀಗೇ. ಹದಿನಾರು ವಯಸ್ಸಾದ ಮೇಲೆ ಪೌರತ್ವ ಪಡೆದವರು ಒಂದು ತಂಡದಲ್ಲಿ ಒಬ್ಬರೇ ಇರಬಹುದು ಅನ್ನುತ್ತದೆ ಫಿಬಾ. ಆ ಒಂದು ಜಾಗ ಇವನದಾಯಿತು. ಅಂದರೆ ಅಲ್ಲೇ ಹುಟ್ಟಿ ಬೆಳೆದ ಯಾವನೋ ಗಾರ್ಡ್ ಹೊರಗೆ ಕೂತ.

ಇದು ಸರಿಯೇ? ಲೇಖನ ಈ ಪ್ರಶ್ನೆ ಎದುರಿಸಬೇಕು. ನನ್ನ ಅಭಿಪ್ರಾಯ ಹೇಳುತ್ತೇನೆ. ಪೌರತ್ವ ಕೊಟ್ಟದ್ದರ ಹಿಂದೆ ಕ್ಲಬ್ಬಿನ ಲೆಕ್ಕಾಚಾರವಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಸಿಕ್ಕ ಮೇಲೂ ಆತ ಅಲ್ಲೇ ಉಳಿದ, ದುಡಿದ, ಆ ದೇಶಕ್ಕೆ ಆಡಿದ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾ ಗುಂಪು ಹಂತದಲ್ಲೇ ಹೊರಬಿದ್ದಾಗಲೂ ಆ ತಂಡದಲ್ಲಿದ್ದ. ಅದೇ ವರ್ಷ ರಷ್ಯಾದ ಮಹಿಳಾ ತಂಡಕ್ಕೆ ಆಡಿದ ಅಮೆರಿಕದ ಗಾರ್ಡ್ ಬೆಕಿ ಹ್ಯಾಮನ್‌ಗೆ ದೇಶಪ್ರೇಮವೇ ಇಲ್ಲ ಅಂತ ಅಮೆರಿಕ ತಂಡದ ಕೋಚ್ ಆ್ಯನ್ ಡೊನೊವನ್ ಬಹಿರಂಗವಾಗಿ ಹೇಳಿದ್ದರು. ಇದನ್ನೂ ಹೋಲ್ಡನ್ ಪಕ್ಕದಲ್ಲಿಟ್ಟು ನೋಡಿ.

ಈಗ ಲೇಖನದ ಒಳ್ಳೆಯ ಭಾಗಕ್ಕೆ ಬರೋಣ. ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿ ಯೂರೋಬ್ಯಾಸ್ಕೆಟ್, ಅದರ 2007ರ ಫೈನಲ್. ಮ್ಯಾಡ್ರಿಡ್. ಎದುರಾಳಿ ಸ್ಪೇನ್, ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದ ತಂಡ. ನೀವು ಬರೆದಿರುವುದು: ‘ಹೋಲ್ಡನ್ ಗೆಲುವಿನ ಬುಟ್ಟಿ ಹಾಕಿ ಇತಿಹಾಸ ನಿರ್ಮಿಸಿದರು.’ ಇಷ್ಟೇನಾ? 59-58, ಸ್ಪೇನ್ ಮುಂದಿದೆ. ಇಡೀ ಅಂಗಣ ಸ್ಪೇನ್ ಕಡೆಯ ಜನ. ಚೆಂಡು ಹೋಲ್ಡನ್ ಕೈಯಲ್ಲಿ. ನಡುವಿನ ದೂರದಿಂದ ಜಿಗಿದು ಎಸೆಯುತ್ತಾನೆ. ಚೆಂಡು ರಿಂಗಿಗೆ ಬಡಿದು ಪುಟಿಯುತ್ತದೆ, ಆಮೇಲೆ ಒಳಗೆ ಬೀಳುತ್ತದೆ. 60-59. ಉಳಿದಿರುವುದು ಎರಡು ಸೆಕೆಂಡು ಚಿಲ್ಲರೆ. ಅಷ್ಟರಲ್ಲೂ ಸ್ಪೇನ್‌ನ ಪೌ ಗಸೋಲ್‌ಗೆ ಎಸೆಯಲು ಒಂದು ಅವಕಾಶ ಸಿಗುತ್ತದೆ. ಅವನ ಚೆಂಡು ಒಳಗೆ ನಿಲ್ಲುವುದಿಲ್ಲ. ಸೋವಿಯತ್ ಒಕ್ಕೂಟ ಹದಿನಾಲ್ಕು ಸಲ ಈ ಕಪ್ ಗೆದ್ದಿತ್ತು, ಕೊನೆಯದು 1985ರಲ್ಲಿ. ರಷ್ಯಾ ಹೆಸರಲ್ಲಿ ಬಂದದ್ದು ಇದೇ ಮೊದಲು. ಹೊಡೆದವನು ಪಿಟ್ಸ್‌ಬರ್ಗ್‌ನವನು, ಕೋಚ್ ಡೇವಿಡ್ ಬ್ಲಾಟ್ ಅಮೆರಿಕದಲ್ಲಿ ಹುಟ್ಟಿ ಇಸ್ರೇಲಿನಲ್ಲಿ ನೆಲೆಸಿದವರು. ಇಷ್ಟು ಸಾಮಗ್ರಿ ಕೈಯಲ್ಲಿಟ್ಟುಕೊಂಡು ‘ಇತಿಹಾಸ ನಿರ್ಮಿಸಿದರು’ ಅಂತ ಮುಗಿಸಿಬಿಟ್ಟರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆ ಪಂದ್ಯದ ವಿಡಿಯೊ ಹುಡುಕಿ, ನಿಲ್ಲಿಸಿ ನಿಲ್ಲಿಸಿ ನೋಡಿ, ಕಂಡದ್ದನ್ನು ಬರೆಯಿರಿ.

ಸೋಲುಗಳನ್ನೆಲ್ಲ ಯಾಕೆ ತೆಗೆದುಬಿಟ್ಟಿರಿ? ಸಿಎಸ್‌ಕೆಎ 2006ರಿಂದ 2009ರವರೆಗೆ ಸತತ ನಾಲ್ಕು ಯೂರೋಲೀಗ್ ಫೈನಲ್ ಆಡಿತು. 2006ರಲ್ಲಿ ಪ್ರಾಗ್‌ನಲ್ಲಿ ಮಕಾಬಿ ಟೆಲ್ ಅವೀವ್ ವಿರುದ್ಧ ಗೆದ್ದಿತು. 2007ರಲ್ಲಿ ಅಥೆನ್ಸ್‌ನಲ್ಲಿ, ಅದೇ ಊರಿನ ಪನಥಿನೈಕೋಸ್ ಎದುರು 93-91ರಲ್ಲಿ ಸೋತಿತು. 2008ರಲ್ಲಿ ಮತ್ತೆ ಮಕಾಬಿ ಎದುರು 91-77ರ ಗೆಲುವು. 2009ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಪನಥಿನೈಕೋಸ್, ಮತ್ತೆ ಎರಡೇ ಪಾಯಿಂಟಿನ ಸೋಲು, 73-71.

ಈ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಮೇ 2007, ಅಥೆನ್ಸ್‌ನಲ್ಲಿ ಎರಡು ಪಾಯಿಂಟಿನ ಸೋಲು. ಸೆಪ್ಟೆಂಬರ್ 2007, ಮ್ಯಾಡ್ರಿಡ್‌ನಲ್ಲಿ ಒಂದು ಪಾಯಿಂಟಿನ ಗೆಲುವು. ಮೇ 2008, ಮತ್ತೆ ಅದೇ ಮ್ಯಾಡ್ರಿಡ್‌ನಲ್ಲಿ ಯೂರೋಲೀಗ್ ಕಪ್. ನಿಮ್ಮ ಲೇಖನ ಈ ಒಂದೇ ವರ್ಷದ ಕಥೆಯಾಗಲಿ. ಅಥೆನ್ಸ್‌ನಿಂದ ಶುರುಮಾಡಿ. ರಿಗಾ, ಊಸ್ಟೆಂಡ್, ಪಾಸ್‌ಪೋರ್ಟ್, ಎಲ್ಲವೂ ಬೇಕಾದ ಕಡೆ ನೆನಪಾಗಿ ಬರುತ್ತವೆ. ಹುಟ್ಟಿದ ದಿನದಿಂದ ಕ್ರಮವಾಗಿ ಹೇಳಿಕೊಂಡು ಬರುವ ಅಗತ್ಯವೇ ಇಲ್ಲ.

ಮೈಕೆಲ್ ಜೋರ್ಡನ್ ಬಗ್ಗೆ ಇರುವ ಪ್ಯಾರಾ ಪೂರ್ತಿ ತೆಗೆಯಿರಿ. ‘ಛಲವಿದ್ದರೆ ಯಾವುದೂ ಅಸಾಧ್ಯವಲ್ಲ’ ಎಂಬ ಕೊನೆಯ ಸಾಲನ್ನೂ.

ಸಾವಿರದ ಇನ್ನೂರು ಪದದೊಳಗೆ ತಂದು, ಈ ತಿಂಗಳ ಕೊನೆಯೊಳಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಪಾಸ್‌ಪೋರ್ಟ್ ವಿಷಯದಲ್ಲಿ ನನ್ನ ಮಾತು ಒಪ್ಪಿಗೆಯಾಗದಿದ್ದರೆ ನಿಮ್ಮದನ್ನೇ ಬರೆಯಿರಿ, ಅದಕ್ಕೆ ನಾನು ಕತ್ತರಿ ಹಾಕುವುದಿಲ್ಲ.