ತೀರ್ಥನ್ ತಿಳಿಯಾದ ಮೇಲೆ

ಪ್ರಶ್ನೆ: ಸೆಪ್ಟೆಂಬರ್ ಕೊನೆಯ ವಾರ ನಾನೂ ನನ್ನ ತಮ್ಮನೂ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಮೀನು ಹಿಡಿಯಲು ಹೊರಟಿದ್ದೇವೆ. ಗಾಳದ ಲೈನ್ ಬೀಸುವುದನ್ನು ಮೈದಾನದಲ್ಲಿ ಕಲಿತಿದ್ದೇವೆ, ನದಿಯಲ್ಲಿ ಇದೇ ಮೊದಲು. ಯಾವ ಫ್ಲೈ (ಹುಳದಂತೆ ಕಾಣುವ ಗಾಳ) ಒಯ್ಯಬೇಕು? ಬೆಳಗಿನ ಜಾವವೇ ನೀರಿಗಿಳಿಯಬೇಕೇ?
– ಓದುಗರೊಬ್ಬರು, ಬೆಂಗಳೂರು

ಒಳ್ಳೆಯ ಕಾಲವನ್ನೇ ಆರಿಸಿಕೊಂಡಿದ್ದೀರಿ. ಆ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಮೇಲೆ ಹಿಮ ಕರಗುವುದೂ ಕಡಿಮೆಯಾಗಿರುತ್ತದೆ. ಮಳೆಗಾಲವೆಲ್ಲ ಕದಡಿ ಹರಿದ ನೀರು ಇಳಿದು, ತಳದ ಕಲ್ಲು ಎಣಿಸುವಷ್ಟು ತಿಳಿಯಾಗುತ್ತದೆ. ನಿಮಗೆ ಮೀನು ಕಾಣುತ್ತದೆ, ಮೀನಿಗೂ ನೀವು ಕಾಣುತ್ತೀರಿ. ಈ ಋತುವಿನ ಕಷ್ಟವೆಲ್ಲ ಅದರಲ್ಲೇ ಇದೆ.

ಹಾಗಾಗಿ ದಡ ಮುಟ್ಟಿದ ಕೂಡಲೇ ರಾಡ್, ಅಂದರೆ ಗಾಳದ ಕೋಲು, ಜೋಡಿಸಬೇಡಿ. ಒಂದು ಬಂಡೆಯ ಮೇಲೆ ಕೂತು ನೋಡಿ. ಗುಶೈಣಿಯಲ್ಲಿ ಫ್ಲಾಚನ್ ಹೊಳೆ ಬಂದು ಕೂಡುವ ಜಾಗದ ಸುತ್ತಮುತ್ತ ನಾನು ಎಷ್ಟೋ ಸಲ ಹೀಗೆ ಕೂತಿದ್ದೇನೆ. ರಭಸದ ನೀರೂ ನಿಧಾನದ ನೀರೂ ಉಜ್ಜಿಕೊಂಡು ಸಾಗುವ ಒಂದು ಗೆರೆ ಇರುತ್ತದಲ್ಲ, ಟ್ರೌಟ್ ನಿಲ್ಲುವುದು ಅದರ ಒಳಮಗ್ಗುಲಲ್ಲಿ. ಅಲ್ಲಿ ಈಜುವ ಶ್ರಮ ಕಡಿಮೆ, ಹರಿವು ತರುವ ಹುಳ ಮಾತ್ರ ಬಾಯಿಯ ಮುಂದೆಯೇ ಹಾದುಹೋಗುತ್ತದೆ. ದೊಡ್ಡ ಬಂಡೆಯ ಹಿಂದೆ ನೋಡುವುದನ್ನು ಎಲ್ಲರೂ ಬಲ್ಲರು, ಬಂಡೆಯ ಮುಂದೆ ನೀರು ತಡೆದು ನಿಲ್ಲುವ ಕಡೆಯೂ ನೋಡಿ.

ಟ್ರೌಟ್ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ, ಬೆನ್ನ ಹಿಂದೆ ಅದಕ್ಕೆ ಕಾಣುವುದಿಲ್ಲ. ಕೆಳಗಿನಿಂದ ಮೇಲಕ್ಕೆ, ಬಾಗಿ, ನೆರಳು ನೀರಿಗೆ ಬೀಳದಂತೆ ಹೋಗಿ. ತೀರ್ಥನ್‌ಗೆ ಎಂಟೂವರೆ ಅಥವಾ ಒಂಬತ್ತು ಅಡಿಯ, ನಾಲ್ಕು ಇಲ್ಲವೇ ಐದನೇ ನಂಬರಿನ ರಾಡ್ ಸಾಕು. ಲೈನಿನ ತುದಿಗೆ ಕಟ್ಟುವ ತೆಳು ದಾರವಾದ ಲೀಡರ್ ಮಾತ್ರ ಉದ್ದವಿರಲಿ, ಹನ್ನೆರಡು ಅಡಿಯಾದರೂ ಸರಿ. ಅದರ ತುದಿಗೆ 5ಎಕ್ಸ್ ದಪ್ಪದ ಟಿಪೆಟ್, ಅಂದರೆ ಫ್ಲೈ ಕಟ್ಟುವ ಇನ್ನೂ ತೆಳುವಾದ ದಾರ, ಕಟ್ಟಿ.

ಫ್ಲೈ ಪೆಟ್ಟಿಗೆ ತುಂಬಿಸುವ ಚಿಂತೆ ಬಿಡಿ. ಮೇಲೆ ತೇಲಲು ಆಡಮ್ಸ್ ಮತ್ತು ಎಲ್ಕ್ ಹೇರ್ ಕ್ಯಾಡಿಸ್, ತಳಕ್ಕಿಳಿಯಲು ಮಣಿ ಕಟ್ಟಿದ ಫೆಸೆಂಟ್ ಟೇಲ್, 14ರಿಂದ 18ರವರೆಗಿನ ಗಾಳದ ಅಳತೆಯಲ್ಲಿ. ಜೊತೆಗೊಂದೆರಡು ಮಿಡತೆಯಂಥ ಫ್ಲೈ. ದಡದ ಹುಲ್ಲು ಒಣಗುವ ಈ ದಿನಗಳಲ್ಲಿ ಗಾಳಿಗೆ ಮಿಡತೆಗಳು ನೀರಿಗೆ ಬೀಳುತ್ತವೆ, ಟ್ರೌಟ್ ಕಾಯುತ್ತಿರುತ್ತದೆ. ಯಾವ ಫ್ಲೈ ಎನ್ನುವುದಕ್ಕಿಂತ ಅದು ಹೇಗೆ ತೇಲುತ್ತದೆ ಎನ್ನುವುದೇ ಮುಖ್ಯ. ನಡುವಿನ ರಭಸದ ನೀರು ಲೈನನ್ನು ಎಳೆದರೆ ಫ್ಲೈ ಕೂಡ ಹರಿವನ್ನು ಮೀರಿ ಓಡುತ್ತದೆ. ನಿಜವಾದ ಹುಳ ಹಾಗೆ ಓಡುವುದಿಲ್ಲ, ಮೀನಿಗೆ ಇದು ಚೆನ್ನಾಗಿ ಗೊತ್ತು. ಲೈನ್ ನೀರಿಗೆ ಬಿದ್ದೊಡನೆ ರಾಡಿನ ತುದಿಯಿಂದ ಅದನ್ನು ಮೇಲ್ಹರಿವಿನ ಕಡೆಗೆ ಎತ್ತಿ ಹಾಕಿ. ಮೈದಾನದಲ್ಲಿ ಕಲಿಯಲಾಗದ ವಿದ್ಯೆ ಇದೊಂದೇ.

ಬೆಳಗಿನ ಜಾವ ಬೇಡ. ಕಣಿವೆ ಕಿರಿದು, ಬಿಸಿಲು ತಡವಾಗಿ ಇಳಿಯುತ್ತದೆ, ಅಲ್ಲಿಯವರೆಗೆ ನೀರು ಕೊರೆಯುತ್ತಿರುತ್ತದೆ, ಹುಳಗಳೂ ಏಳುವುದಿಲ್ಲ. ನಿಧಾನವಾಗಿ ತಿಂಡಿ ತಿಂದು ಹತ್ತರ ಮೇಲೆ ಹೊರಡಿ. ಮೋಡ ಮುಚ್ಚಿದ ಮಧ್ಯಾಹ್ನ ಸಿಕ್ಕರೆ ಊಟ ಬಿಟ್ಟಾದರೂ ನದಿಯಲ್ಲಿರಿ. ಪರವಾನಗಿ ಬಂಜಾರ್‌ನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಸಿಗುತ್ತದೆ, ಅದಿಲ್ಲದೆ ಗಾಳ ಹಾಕಬೇಡಿ.

ಪ್ರಶ್ನೆ: ನವೆಂಬರ್‌ನಲ್ಲಿ ರಜೆ ಸಿಗುತ್ತದೆ. ಆಗ ಹೋಗಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಗಾಳ ಹಿಡಿದು ಹೋಗುವಂತಿಲ್ಲ. ಹಿಮಾಚಲದ ಟ್ರೌಟ್ ನೀರಿನಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ನಿಷೇಧವಿದೆ. ಬ್ರೌನ್ ಟ್ರೌಟ್ ಮೊಟ್ಟೆಯಿಡುವ ಕಾಲ ಅದು. ಹೆಣ್ಣು ಮೀನು ಬಾಲದಿಂದ ನೊರಜುಗಲ್ಲು ಕೆದರಿ ಗುಳಿ ತೋಡಿ, ಮೊಟ್ಟೆಯಿಟ್ಟು ಮತ್ತೆ ಕಲ್ಲು ಮುಚ್ಚುತ್ತದೆ. ಅಕ್ಟೋಬರ್‌ನಲ್ಲಿ ಹೋಗುವವರಿಗೂ ಇದನ್ನು ಕೈಮುಗಿದು ಹೇಳುತ್ತೇನೆ: ಸುತ್ತಲಿನ ಕಲ್ಲಿಗೆಲ್ಲ ಪಾಚಿ ಹಿಡಿದು, ನಡುವೆ ಒಂದು ಚಾಪೆಯಷ್ಟು ಜಾಗ ಮಾತ್ರ ತೊಳೆದಂತೆ ಬೆಳ್ಳಗೆ ಕಂಡರೆ ಅದರ ಮೇಲೆ ಕಾಲಿಡಬೇಡಿ. ಒಂದು ಹೆಜ್ಜೆಗೆ ಮುಂದಿನ ವರ್ಷದ ಮರಿಗಳು ಹೋಗುತ್ತವೆ. ಅಲ್ಲಿ ಜೋಡಿಯಾಗಿ ನಿಂತ ಮೀನಿನತ್ತ ಫ್ಲೈ ಬೀಸುವುದೂ ಬೇಡ, ಅದು ಸಿಕ್ಕರೂ ಅದರಲ್ಲಿ ಹೆಮ್ಮೆ ಪಡುವಂಥದ್ದೇನಿಲ್ಲ.

ಪ್ರಶ್ನೆ: ನಮ್ಮ ಮಲೆನಾಡಿನ ಹೊಳೆಗಳಲ್ಲಿ ಟ್ರೌಟ್ ಏಕಿಲ್ಲ? ತಂದು ಬಿಡಬಾರದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಟ್ರೌಟ್‌ಗೆ ತಣ್ಣನೆಯ ನೀರೇ ಬೇಕು, 20 ಡಿಗ್ರಿ ದಾಟಿದರೆ ಅದು ಸೋಲತೊಡಗುತ್ತದೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ: 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿಯುವ ನೀರು 25 ಡಿಗ್ರಿಯಲ್ಲಿ 8ರ ಆಸುಪಾಸಿಗೆ ಇಳಿಯುತ್ತದೆ. ನಮಗೆ ಹತ್ತಿರದಲ್ಲಿ ಟ್ರೌಟ್ ಇರುವುದು ನೀಲಗಿರಿಯ ಎತ್ತರದಲ್ಲಿ, ಊಟಿಯ ಆಚೆ ಅವಲಾಂಚಿಯ ಕಡೆ. ಅದೂ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಮೀನೇ.

ತಂದು ಬಿಡುವ ಮಾತಂತೂ ಖಂಡಿತ ಬೇಡ. ಕಾಶ್ಮೀರಕ್ಕೆ ಬ್ರೌನ್ ಟ್ರೌಟ್ ಬಂದದ್ದು 1900ರ ಹೊತ್ತಿಗೆ, ಕುಲ್ಲುವಿಗೆ 1909ರಲ್ಲಿ. ಅಲ್ಲಿಯ ಮೂಲನಿವಾಸಿ ಸ್ನೋ ಟ್ರೌಟ್ ಹೆಸರಿಗಷ್ಟೇ ಟ್ರೌಟ್, ಅದು ನಮ್ಮ ಗೆಂಡೆಯ ಬಳಗದ್ದು. ಹೊರಗಿನಿಂದ ಬಂದ ಈ ಬೇಟೆಗಾರ ಅದರ ಜಾಗಕ್ಕೂ ಮರಿಗಳಿಗೂ ಕುತ್ತಾಗಿದೆ. ನಾನು ಪ್ರೀತಿಯಿಂದ ಹುಡುಕಿಕೊಂಡು ಹೋಗುವ ಮೀನೇ ಆದರೂ ಇದನ್ನು ಮುಚ್ಚಿಡಲಾರೆ. ತುಂಗೆಯಲ್ಲಿ ತುಂಗೆಯ ಮೀನೇ ಇರಲಿ.

ಪ್ರಶ್ನೆ: ಹಿಡಿದು ಬಿಟ್ಟ ಮೀನು ನಿಜಕ್ಕೂ ಬದುಕುತ್ತದೆಯೇ?
– ಓದುಗರೊಬ್ಬರು, ಮೈಸೂರು

ಬದುಕುತ್ತದೆ, ಬದುಕಲು ಬಿಟ್ಟರೆ. ಗಾಳದ ಹಿಮ್ಮುಳ್ಳನ್ನು ಇಕ್ಕುಳದಿಂದ ಒತ್ತಿ ಮಟ್ಟ ಮಾಡಿಕೊಳ್ಳಿ. ಮೀನನ್ನು ಆಡಿಸುತ್ತಾ ಸುಸ್ತು ಮಾಡಬೇಡಿ, ಬೇಗ ಹತ್ತಿರಕ್ಕೆ ತನ್ನಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ರೋಗದಿಂದ ಅದನ್ನು ಕಾಯುವುದು ಆ ಲೋಳೆಯೇ. ಫೋಟೋ ಬೇಕೇಬೇಕೆಂದರೆ ಮೀನು ನೀರಿನಲ್ಲಿರುವಾಗಲೇ ತೆಗೆಯಿರಿ. ಆಮೇಲೆ ಹರಿವಿಗೆ ಎದುರಾಗಿ ಹಗುರಾಗಿ ಹಿಡಿದಿರಿ, ಕಿವಿರು ಸರಿಯಾಗಿ ಆಡತೊಡಗಿ ತಾನೇ ಬಾಲ ಬೀಸಿ ಹೋಗುವವರೆಗೆ. ಗಾಳ ಗಂಟಲಿಗೆ ಇಳಿದಿದ್ದರೆ ಕಿತ್ತು ತೆಗೆಯಲು ಹೋಗಬೇಡಿ. ಟಿಪೆಟ್ ಕತ್ತರಿಸಿ ಬಿಟ್ಟುಬಿಡಿ.