ಲೋಯರ್ ಅರ್ಲಿ ಮನೆ: ಮೊದಲು ಮೈಸೂರಿನ ಮನೆ ಲೆಕ್ಕ ನೋಡಿ

ನಮಸ್ಕಾರ. ರೆಡಿಂಗ್ ಹತ್ತಿರ ಲೋಯರ್ ಅರ್ಲಿಯಲ್ಲಿ 4 ಲಕ್ಷ ಪೌಂಡಿನ ಮನೆ ನೋಡಿದ್ದೀವಿ, ಇಂಗ್ಲೆಂಡಿನಲ್ಲಿ ಇದೇ ಮೊದಲ ಮನೆ, ಮೊದಲ ಸಲ ಕೊಳ್ಳುವವರಿಗೆ ಇರುವ ಸ್ಟ್ಯಾಂಪ್ ಡ್ಯೂಟಿ ರಿಯಾಯಿತಿ ಸಿಗುತ್ತಾ ಅಂತ ಕೇಳಿದ್ದೀರಿ. ಆದರೆ ಮೈಸೂರಲ್ಲಿ ಅಪ್ಪನಿಂದ ಬಂದ ಮನೆ ನಿಮ್ಮ ಹೆಸರಲ್ಲೇ ಇದೆ ಅಂದಿರಲ್ವಾ, ತೊಡಕು ಅಲ್ಲೇ ಇದೆ. ಪ್ರಪಂಚದಲ್ಲಿ ಎಲ್ಲೇ ಮನೆ ಇದ್ದರೂ, ಅದು ಹಿರಿಯರಿಂದ ಬಂದಿದ್ದೇ ಆದರೂ, ಇಲ್ಲಿ ನಿಮ್ಮನ್ನು ಮೊದಲ ಸಲ ಕೊಳ್ಳುವವರು ಅಂತ ಲೆಕ್ಕ ಹಾಕಲ್ಲ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ ರಿಯಾಯಿತಿ ಇದ್ದರೆ ಕಟ್ಟಬೇಕಾದ ಡ್ಯೂಟಿ 5,000 ಪೌಂಡ್, ಇಲ್ಲದಿದ್ದರೆ 10,000. ಮೈಸೂರಿನ ಮನೆಯ ಬೆಲೆ 40,000 ಪೌಂಡ್ ಮುಟ್ಟಿದರಂತೂ ಎರಡನೇ ಮನೆ ಅಂತ ಕೊಳ್ಳುವ ಬೆಲೆಯ ಇನ್ನೂ 5% ಸೇರಿ ಒಟ್ಟು 30,000! ಹೆಂಡತಿ ಹೆಸರಲ್ಲಿ ಕೊಂಡರೆ ಈ 5% ತಪ್ಪುತ್ತೆ ಅಂತ ಯಾರೋ ಹೇಳಿದರಂತಲ್ಲ, ಒಟ್ಟಿಗೆ ಇರುವ ಗಂಡ ಹೆಂಡತಿ ಅದನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ. ಮೈಸೂರಲ್ಲಿ ಇರೋದು ಬರೀ ಖಾಲಿ ಸೈಟ್ ಆಗಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ದಯವಿಟ್ಟು ಆಫರ್ ಕೊಡುವ ಮೊದಲೇ ಸಾಲಿಸಿಟರ್‌ಗೆ (ಮನೆ ಖರೀದಿ ನೋಡಿಕೊಳ್ಳುವ ವಕೀಲರಿಗೆ) ಎಲ್ಲ ಬಿಚ್ಚಿ ಹೇಳಿ.

ಏರಿಯಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ದಕ್ಷಿಣದ ಅಂಚಿನಲ್ಲೇ ಎಂ4 ಮೋಟಾರ್‌ವೇ ಹೋಗುತ್ತೆ, ಅದಕ್ಕೆ ಮನೆಯೊಳಗೆ ನೋಡಿದ್ದು ಸಾಲದು, ಸಂಜೆ ಹೊತ್ತು ಹಿತ್ತಲಲ್ಲಿ ಸ್ವಲ್ಪ ಹೊತ್ತು ನಿಂತು ಸದ್ದು ಕೇಳಿ. ಗ್ಯಾರೇಜಿನ ಅಗಲವನ್ನೂ ಟೇಪ್ ಹಿಡಿದು ಅಳೆಯಿರಿ. 80ರ ದಶಕದ ಎಷ್ಟೋ ಗ್ಯಾರೇಜುಗಳಲ್ಲಿ ಈಗಿನ ಕಾರು ಒಳಗೆ ಹೋದರೂ ಬಾಗಿಲು ತೆಗೆದು ಇಳಿಯೋಕೆ ಜಾಗ ಇರಲ್ಲ.